ಬೇವಿನ ಮರವೂ ಸಾಹೇಬರ ಬ್ಯಾನರೂ

ಸಾಹೇಬರ ಬ್ಯಾನರ್ ಕಾಣುತ್ತಿಲ್ಲವೆಂದು ಮರ ಕಡಿದರು. ಬ್ಯಾನರಿನಲ್ಲಿ ಏನು ಬರೆದಿತ್ತು ಗೊತ್ತೇ? ‘ಒಂದು ಮರಕ್ಕಾಗಿ ರಸ್ತೆಯನ್ನೇ ಬಾಗಿಸಿದ ಮನುಷ್ಯ.’

ಕಡಿದದ್ದು ಅದೇ ಮರವನ್ನು.

(ನಗಬೇಡಿ. ಆ ಸಾಲು ಬರೆದವನು ನಾನೇ. ಇದೇ ಅಂಕಣದಲ್ಲಿ.)

ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಹೋಗುವ ದಾರಿಯಲ್ಲಿ ಒಂದು ಕ್ರಾಸ್ ಇದೆ. ಸಾಹೇಬರು ಆಗಿನ್ನೂ ಸಾಹೇಬರಲ್ಲ, ರಸ್ತೆ ಅಳೆಯಲು ಬಂದ ಜೂನಿಯರ್ ಇಂಜಿನಿಯರ್. ನಕ್ಷೆಯ ಗೆರೆ ನೇರವಾಗಿ ಅಲ್ಲಿನ ಬೇವಿನ ಮರದ ಮೇಲೆ ಹಾದಿತ್ತು. ಅದರ ನೆರಳಲ್ಲಿ ಕೂತು ಬಸ್ಸಿಗೆ ಕಾಯುವವರಿಗೆ ರೊಟ್ಟಿ, ಶೇಂಗಾ ಚಟ್ನಿ ಮಾರುತ್ತಿದ್ದ ಶಾಂತವ್ವ, ಮರ ಹೋದರೆ ನನ್ನ ಹೊಟ್ಟೆಪಾಡೂ ಹೋಯಿತು ಎಂದಳು. ಈತ ಅವಳ ರೊಟ್ಟಿ ತಿಂದು, ಟೇಪನ್ನು ಮತ್ತೆ ಬಿಚ್ಚಿ, ಗೆರೆಯನ್ನು ಬಾಗಿಸಿದ. ನಾನು ಕಣ್ಣಾರೆ ನೋಡಿದೆ. ಮನಸ್ಸು ತುಂಬಿ ಬರೆದೆ.

ಆಮೇಲೆ ಆ ತಿರುವೇ ಅವರ ಬಂಡವಾಳವಾಯಿತು. ನೌಕರಿ ಬಿಟ್ಟರು, ಟಿಕೆಟ್ ಗಿಟ್ಟಿಸಿದರು. ಇಂಡಿಯಲ್ಲಿ ಮೈಕ್ ಸಿಕ್ಕರೂ ಅದೇ ಮರ, ಸಿಂದಗಿಯಲ್ಲಿ ಸಿಕ್ಕರೂ ಅದೇ ಮರ. ಗೆದ್ದರು. ಪರಿಸರ ಖಾತೆಯೂ ಬಂತು. ಇಷ್ಟು ವರ್ಷಗಳಲ್ಲಿ ಅವರು ಉಳಿಸಿದ ಎರಡನೆಯ ಮರದ ಸುದ್ದಿ ಯಾರಾದರೂ ಕೇಳಿದ್ದೀರಾ?

ಮೊನ್ನೆ ಸಸಿ ನೆಡಲು ಅದೇ ಕ್ರಾಸಿಗೆ ಬಂದರು. ಹಿಂದಿನ ದಿನವೇ ಅವರ ಕಾರ್ಯಕರ್ತರು ಬ್ಯಾನರ್ ಕಟ್ಟಿದ್ದರು. ರಸ್ತೆಯಿಂದ ನೋಡಿದರೆ ಟೊಂಗೆ ಅಡ್ಡ, ಸಾಹೇಬರ ಮುಖ ಅರ್ಧವೇ ಕಾಣುತ್ತಿತ್ತಂತೆ. ಒಂದು ಟೊಂಗೆ ಕಡಿದರು, ಇನ್ನೊಂದು ಕಡಿದರು, ಕೊನೆಗೆ ಬೋಳು ಮರ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲವೆಂದು ಬುಡಕ್ಕೇ ಗರಗಸ ಇಟ್ಟರು. ಅಡ್ಡ ನಿಂತ ಶಾಂತವ್ವನನ್ನು, ಸಾಹೇಬರ ಪ್ರೋಗ್ರಾಂ ಇದೆ ಎಂದು ಪಕ್ಕಕ್ಕೆ ಸರಿಸಿದರಂತೆ. (ಎಂಥ ನಿಷ್ಠೆ!)

ಸಾಹೇಬರು ಮೈಕ್ ಹಿಡಿದರು. ಭಾಷಣ ಬಾಯಿಪಾಠ. ರೂಢಿಯಂತೆ ಕೈ ಚಾಚಿ ಹೇಳಿದರು: “ಅಲ್ಲಿ ನೋಡ್ರಿ, ಆ ಬೇವಿನ ಗಿಡ ಇವತ್ತಿಗೂ ಸಾಕ್ಷಿ ಐತಿ.”

ಎಲ್ಲರೂ ತಿರುಗಿ ನೋಡಿದೆವು. ಮೋಟು ಬುಡವಿತ್ತು. ಪಕ್ಕದಲ್ಲಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು, ಬಿಸಿಲಲ್ಲಿ ಬುಟ್ಟಿ ಇಟ್ಟುಕೊಂಡು ಶಾಂತವ್ವ ಕೂತಿದ್ದಳು. ಸಾಹೇಬರ ಕೈ ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ಅದೇ ಕೈಯಿಂದ ಮೀಸೆ ತೀಡಿಕೊಂಡು ಭಾಷಣ ಮುಂದುವರಿಸಿದರು. ಚಪ್ಪಾಳೆ ಹೊಡೆದವರೂ ಇದ್ದರು. ಮೈ ಉರಿದುಹೋಯಿತು ನನಗೆ.

ಕೆಳಗಿಳಿದು, ಬುಡದ ಪಕ್ಕದಲ್ಲೇ ಮೊಣಕಾಲುದ್ದದ ಸಸಿ ನೆಟ್ಟು, ಕ್ಯಾಮೆರಾ ಕಡೆ ನೋಡುತ್ತಲೇ ಅವಳಿಗೆ, ಹೊಸದು ಕೊಟ್ಟಿದ್ದೇನೆ, ಸಮಾಧಾನ ಮಾಡಿಕೋ ಎಂದರು.

ಶಾಂತವ್ವ ಸಸಿಯನ್ನು ನೋಡಿದಳು. “ಇದು ನೆಳ್ಳ ಕೊಡೂತನಕ ನಾ ಎಲ್ಲಿ ಕುಂದರ್ಲಿರಿ, ಸಾಹೇಬ್ರ?”

ಒಂದು ಅರ್ಜಿ ಕೊಡು ಎಂದ ಪಿಎ. ಕಾರು ಹೊರಟಿತು.

ನಾನು ಹತ್ತಿರ ಹೋಗಿ ರೊಟ್ಟಿ ಕೇಳಿದೆ. ಕಟ್ಟಿಕೊಡುತ್ತಾ, ಬ್ಯಾನರಿನ ಮೇಲಿನ ಮಾತು ನಿಮ್ಮದೇ ಅಂತೆ, ಹೌದೇ ಎಂದು ಕೇಳಿದಳು. ಹೌದು ಎಂದೆ. ಅವಳು ರೊಟ್ಟಿಯ ಮೇಲೆ ಇನ್ನಷ್ಟು ಚಟ್ನಿ ಹಾಕಿದಳು. ಬೈದಿದ್ದರೆ ಹಗುರಾಗುತ್ತಿತ್ತು.

ವಾಪಸು ಬರುವಾಗ ಬಸ್ಸು ಆ ತಿರುವಿನಲ್ಲಿ ಎಂದಿನಂತೆ ಬಾಗಿಯೇ ಹೋಯಿತು. ಇನ್ನು ಯಾರಿಗಾಗಿ?