ಸೂಜಿಯೋ, ಹತ್ತಿಯೋ

ಮೊನ್ನೆ ಹಲ್ಲು ಕೀಳಿಸಲು ಹೊಸದುರ್ಗದ ಆಸ್ಪತ್ರೆಗೆ ಹೋಗಿದ್ದೆ. ಒಳಗೆ ಕಾಲಿಟ್ಟ ಕೂಡಲೇ ಕಾರ್ಬಾಲಿಕ್ ವಾಸನೆ ಮೂಗಿಗೆ ಹೊಡೆಯಿತು. ಮಾರಿಕಣಿವೆಯಲ್ಲಿ ಅಣೆಕಟ್ಟೆ ಕಟ್ಟುತ್ತಿದ್ದ ಕಾಲದ ಆ ಡಾಕ್ಟರು ಕಣ್ಣಮುಂದೆ ಬಂದು ನಿಂತರು...

ನಮ್ಮದು ಕಂಬಳಿ ನೇಯುವ ಮನೆ. ಆಗ ನನ್ನ ಬಲಗೈ ಹೆಬ್ಬೆರಳಿಗೆ ಉಗುರುಸುತ್ತಾಗಿ ಕೀವು ಒಳಕ್ಕಿಳಿದಿತ್ತು. ನಿಂಬೆಹಣ್ಣು ಸಿಕ್ಕಿಸಿಕೊಂಡರೂ ಜಗ್ಗಲಿಲ್ಲ. ಅಣೆಕಟ್ಟೆಯ ಆಸ್ಪತ್ರೆಗೆ ಹೋದೆ. ಇನ್ನು ತಡ ಮಾಡಿದರೆ ಬೆರಳನ್ನೇ ತೆಗೆಯಬೇಕಾಗುತ್ತದೆ ಎಂದರು ಡಾಕ್ಟರು. ಹೆಬ್ಬೆರಳಿಲ್ಲದೆ ಮಗ್ಗದ ಮುಂದೆ ಕೂತು ಏನು ಮಾಡಲಿ? ಈಗಲೇ ಕೊಯ್ದು ಕೀವು ತೆಗೆಯಿರಿ ಬುದ್ಧಿ ಎಂದು ಕೈ ಚಾಚಿದೆ.

ಬೆರಳಿನ ಬುಡಕ್ಕೆ ಎರಡೂ ಕಡೆ ಸೂಜಿ ಹಾಕಿ, ನರ ಮರಗಟ್ಟುವ ಔಷಧಿ ಬಿಟ್ಟರು. ಸ್ವಲ್ಪ ಹೊತ್ತಿನ ಮೇಲೆ ಬೆರಳ ತುದಿ ಚುಚ್ಚಿ, ನೋಯುತ್ತದೆಯೇ ಎಂದು ಕೇಳಿದರು. ಚೆನ್ನಾಗಿಯೇ ನೋಯುತ್ತಿತ್ತು. ಆದರೆ ಅಷ್ಟು ದೊಡ್ಡವರು ಕೊಟ್ಟ ಔಷಧಿ ಕೆಲಸ ಮಾಡಿಲ್ಲ ಅನ್ನುವುದು ಹೇಗೆ? ನಮ್ಮ ಕಡೆ ದೊಡ್ಡವರು ಬಡಿಸಿದ ಸಾರಿಗೆ ಉಪ್ಪು ಕಡಿಮೆ ಅಂತಲೂ ಹೇಳುವುದಿಲ್ಲ. ಇಲ್ಲ ಬುದ್ಧಿ ಎಂದುಬಿಟ್ಟೆ.

ಚಾಕು ತಾಗಿದ್ದೇ ತಡ, ಜೀವ ಬಾಯಿಗೆ ಬಂತು. ಕೈ ಕಿತ್ತುಕೊಂಡೆ. ಬೈಯುತ್ತಾರೆ ಅಂದುಕೊಂಡರೆ, ಅವರು ಚಾಕು ಕೆಳಗಿಟ್ಟು ನನ್ನ ಮುಖ ನೋಡಿದರು.

"ನಂಗೆ ಮರ್ಯಾದೆ ಕೊಡಬ್ಯಾಡಪ್ಪ. ನೋಯ್ತಿದ್ರೆ ನೋಯ್ತೈತೆ ಅನ್ನು. ನಾನು ಕಾಯ್ತೀನಿ."

ಆ ಔಷಧಿ ಜಾಸ್ತಿಯಾದರೆ ಜೀವಕ್ಕೇ ಅಪಾಯವಂತೆ. ಅದಕ್ಕೇ ಮತ್ತೆ ಚುಚ್ಚುವ ಆತುರ ಮಾಡದೆ ನಾಡಿ ಹಿಡಿದು ಕೂತರು. ಕುರಿ, ಉಣ್ಣೆ ಅಂತ ಮಾತಾಡಿಸುತ್ತಲೇ ಇದ್ದರು. ನಾಲಿಗೆ ತೊದಲುತ್ತದೆಯೋ ಎಂದು ನೋಡುವುದಕ್ಕೆ ಅಂತ ಆಮೇಲೆ ತಿಳಿಯಿತು. ಕೊನೆಗೆ ನನ್ನ ಕಣ್ಣಿಗೆ ಬಟ್ಟೆ ಕಟ್ಟಿ, ಮುಟ್ಟಿದ್ದು ಸೂಜಿಯೋ ಹತ್ತಿಯೋ ಹೇಳು ಎಂದರು. ಅದಕ್ಕೆ ಮರ್ಯಾದೆಯ ಉತ್ತರ ಎಲ್ಲಿಂದ ತರಲಿ? ಏನೂ ಗೊತ್ತಾಗುತ್ತಿಲ್ಲ ಎಂದ ಮೇಲೆಯೇ ಕೊಯ್ದರು. ಯಾರದೋ ಬೆರಳು ಕೊಯ್ದ ಹಾಗಿತ್ತು.

ಗಾಯಕ್ಕೆ ಪಟ್ಟಿ ಕಟ್ಟಿಸಲು ಹೋದಾಗಲೆಲ್ಲ ನೋಡಿದೆ. ಅಂದಿನಿಂದ ಅವರು ಯಾರನ್ನೂ ನೋವಿದೆಯೇ ಎಂದು ಕೇಳಲಿಲ್ಲ. ಎಲ್ಲರ ಕಣ್ಣಿಗೂ ಬಟ್ಟೆ, ಎಲ್ಲರಿಗೂ ಸೂಜಿ, ಹತ್ತಿ. ಎಂಥ ಮನುಷ್ಯ! ಬೆರಳು ವಾಸಿಯಾದ ಮೇಲೆ ನೇಯ್ದ ಮೊದಲ ಕಂಬಳಿ ಅವರಿಗೇ ಕೊಟ್ಟೆ. ಅದನ್ನು ಹೊದ್ದೇ ಪ್ಲೇಗು ಬಂದ ಊರುಗಳಿಗೆ ಹೋದರು... ತಿರುಗಿ ಬರಲಿಲ್ಲ.

ಮೊನ್ನೆ ಹೊಸ ಡಾಕ್ಟರು ದವಡೆಗೆ ಸೂಜಿ ಹಾಕಿ, ನೋಯುತ್ತದೆಯೇ ಎಂದು ಕೇಳಿದರು. ಇಲ್ಲ ಎನ್ನುವುದು ತುಟಿಗೇ ಬಂದಿತ್ತು, ನುಂಗಿಕೊಂಡೆ.

"ನೋಯ್ತೈತೆ ಬುದ್ಧಿ, ಸ್ವಲ್ಪ ತಡೀರಿ."

ತಡೆದರು. ಹಲ್ಲು ಕಿತ್ತು ಬಂದದ್ದೇ ತಿಳಿಯಲಿಲ್ಲ. ಆದರೆ ಕಣ್ಣೀರು ನಿಲ್ಲಲಿಲ್ಲ. ಹೊಸ ಡಾಕ್ಟರು ಪಾಪ ಗಾಬರಿಯಾಗಿ, ಇನ್ನೂ ನೋಯುತ್ತಿದೆಯೇ ಎಂದರು. ಹೌದು, ಆದರೆ ಹಲ್ಲಲ್ಲ ಎಂದೆ.