ಹದಿನೇಳು ಅಂಕದ ಹುಡುಗಿ

ಮೂರನೇ ತರಗತಿಯ ಟೀಚರಿಗೆ ಮಕ್ಕಳು ಇಟ್ಟ ಹೆಸರು ಕೊನೇ ಬೆಂಚಿನ ಟೀಚರ್. ಓದಿನಲ್ಲಿ ಹಿಂದುಳಿದ ಮಕ್ಕಳ ಪಕ್ಕ, ಆ ಪುಟ್ಟ ಬೆಂಚಿನಲ್ಲೇ ಮುದುಡಿ ಕೂತು ಅವರು ಪಾಠ ಹೇಳುತ್ತಿದ್ದರು. ಹತ್ತೊಂಬತ್ತು ವರ್ಷಗಳಲ್ಲಿ, ಕೂಡಿ ಕಳೆಯಲು ಬಾರದ ಒಂದು ಮಗುವೂ ಅವರ ಕೈದಾಟಿ ಹೋಗಿರಲಿಲ್ಲ. ಮದುವೆ ಮಾಡಿಕೊಂಡಿರಲಿಲ್ಲ. ದರ್ಜಿ ಅಂಗಡಿಗೆ ಕಾಜಾ ಹೊಲಿದುಕೊಡುವ ಅಕ್ಕನ ಜೊತೆ ಎರಡು ಕೋಣೆಯ ಮನೆಯಲ್ಲಿದ್ದರು. ಅಕ್ಕನ ಬಾಯಿ ಸೂಜಿಗಿಂತ ಚೂಪು. "ನಿನ್ನ ಹತ್ರ ದಡ್ಡರಿಗೆ ಮಾತ್ರ ಜಾಗ ಕಣೆ, ಅದಕ್ಕೇ ನಾನೂ ಉಳ್ಕೊಂಡಿದೀನಿ" ಎನ್ನುತ್ತಿದ್ದಳು.

ಆ ವರ್ಷ ತರಗತಿಯಲ್ಲಿ ಐವತ್ತೆರಡು ಮಕ್ಕಳು. ಅವರಲ್ಲೊಬ್ಬಳು ಇಸ್ತ್ರಿ ಅಂಗಡಿಯವಳ ಮಗಳು. ಟೀಚರ್ ಹತ್ತನೇ ಲೆಕ್ಕ ಬರೆದು ಬೋರ್ಡಿನಿಂದ ತಿರುಗುವಷ್ಟರಲ್ಲಿ ಎದ್ದು ನಿಂತಿರುತ್ತಿದ್ದಳು.

"ಮುಗೀತು ಟೀಚರ್."

"ಇನ್ನೊಂದ್ ಸಲ ಬರಿ."

"ಅದೂ ಬರೆದೆ."

"ಹಾಗಾದ್ರೆ ಬೇರೆಯವರಿಗೆ ಹೇಳ್ಕೊಡು ಹೋಗು."

ಟೀಚರಿಗೆ ಅದು ಒಳ್ಳೆಯ ಉಪಾಯವೆಂದೇ ಕಂಡಿತ್ತು. ಮಕ್ಕಳಿಗೆ ಮಾತ್ರ ತಮ್ಮ ವಯಸ್ಸಿನವಳೇ ಬಂದು ತಪ್ಪು ತೋರಿಸುವುದು ಮೈ ಉರಿಸಿತು. "ಚಿಕ್ಕ ಟೀಚರ್ ಬಂದ್ಲು" ಎಂದು ಅಣಕಿಸಿದರು. ಆಟಕ್ಕೆ ಸೇರಿಸಿಕೊಳ್ಳಲಿಲ್ಲ. ಒಂದು ದಿನ ಅವಳ ಲೆಕ್ಕದ ಪುಸ್ತಕ ನೀರಿನ ತೊಟ್ಟಿಯಲ್ಲಿ ತೇಲುತ್ತಿತ್ತು.

"ಯಾರು ಹಾಕಿದ್ದು?" ಎಂದು ಟೀಚರ್ ಗದರಿದರು.

"ನಾನೇ ಬೀಳಿಸ್ದೆ ಟೀಚರ್" ಎಂದಳು ಹುಡುಗಿ.

ಅಲ್ಲಿಂದ ಮುಂದೆ ಅವಳು ಎದ್ದು ನಿಲ್ಲಲಿಲ್ಲ. ಎಲ್ಲರೂ ಪುಸ್ತಕ ಮುಚ್ಚಿದ ಮೇಲೆ ತಾನೂ ಮುಚ್ಚುತ್ತಿದ್ದಳು. ಅಂಕಗಳು ಇಳಿದವು. ಟೀಚರಿಗೆ ಆಗ ಬೇಸರಕ್ಕಿಂತ ನಿರಾಳವೇ ಹೆಚ್ಚಾಯಿತು. ಮುಂದೆ ಅದನ್ನು ನೆನೆದಾಗಲೆಲ್ಲ ಅವರ ಮುಖ ಸಪ್ಪಗಾಗುತ್ತಿತ್ತು.

ಒಂದು ಭಾನುವಾರ ಮಧ್ಯಾಹ್ನ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದಾಗ ಅವರ ಕೆಂಪು ಪೆನ್ನು ನಿಂತಿತು. ಇಪ್ಪತ್ತೈದು ಲೆಕ್ಕಗಳಲ್ಲಿ ಹುಡುಗಿಗೆ ಬಂದದ್ದು ಹದಿನೇಳು. ಹಿಂದಿನ ಪರೀಕ್ಷೆಯಲ್ಲೂ ಹದಿನೇಳು, ಅದರ ಹಿಂದಿನದರಲ್ಲೂ ಅಷ್ಟೇ. ತಪ್ಪಾದ ಎಂಟು ಲೆಕ್ಕಗಳನ್ನು ಒಂದೊಂದಾಗಿ ನೋಡಿದರು. ಮೊದಲ ತಪ್ಪುತ್ತರ ಸರಿಯುತ್ತರಕ್ಕಿಂತ ಒಂದು ಹೆಚ್ಚು. ಎರಡನೆಯದು ಎರಡು ಹೆಚ್ಚು, ಮೂರನೆಯದು ಮೂರು. ಎಂಟನೆಯದು ಸರಿಯಾಗಿ ಎಂಟು ಹೆಚ್ಚು.

ಅಕ್ಕನನ್ನು ಕರೆದು ತೋರಿಸಿದರು. ಅಕ್ಕ ಕನ್ನಡಕ ಏರಿಸಿ ನೋಡಿ, ಅವತ್ತು ತಮಾಷೆ ಮಾಡಲಿಲ್ಲ. "ಪಾಪ, ಅದಕ್ಕೆ ಆಡೋಕೆ ಇಷ್ಟೇ ಜಾಗ ಸಿಕ್ಕಿರೋದು" ಎಂದಳು.

ಮರುದಿನದಿಂದ ಟೀಚರ್ ಊಟದ ಬಿಡುವಿನಲ್ಲಿ ಹುಡುಗಿಯನ್ನು ಕೂರಿಸಿಕೊಂಡು, ಬೇರೆ ಬೇರೆ ಪುಸ್ತಕ ಹುಡುಕಿ ಬರೆದುತಂದ ಕಷ್ಟದ ಪ್ರಶ್ನೆಗಳನ್ನು ಮುಂದಿಟ್ಟರು. ಅವಳು ಪ್ರತಿ ಸಲ "ಗೊತ್ತಿಲ್ಲ ಟೀಚರ್" ಎನ್ನುತ್ತ ಕಿಟಕಿಯಾಚೆ ಆಟ ನೋಡುತ್ತಿದ್ದಳು. ಒಂದು ದಿನ, ಮೂರು ಬೆಸ ಸಂಖ್ಯೆ ಕೂಡಿಸಿ ಇಪ್ಪತ್ತೊಂದು ಮಾಡು ಎಂದಿದ್ದುದನ್ನು ಟೀಚರ್ ಕಣ್ತಪ್ಪಿನಿಂದ ಇಪ್ಪತ್ತು ಎಂದು ಬರೆದಿದ್ದರು.

ಹುಡುಗಿಯ ಹುಬ್ಬು ಗಂಟಿಕ್ಕಿತು. "ಇದು ಆಗಲ್ಲ ಟೀಚರ್! ಬೆಸ ಬೆಸ ಸೇರಿದ್ರೆ ಸಮ ಆಗತ್ತೆ. ಇನ್ನೊಂದು ಬೆಸ ಸೇರಿಸಿದ್ರೆ ಮತ್ತೆ ಬೆಸಾನೇ. ಇಪ್ಪತ್ತು ಎಲ್ಲಿಂದ ಬರತ್ತೆ?"

ಅವಳ ಮುಖ ಅರಳಿತ್ತು. ಟೀಚರ್ ಖುಷಿ ತಡೆಯಲಾರದೆ ಚಪ್ಪಾಳೆ ತಟ್ಟಿಬಿಟ್ಟರು. ಕಿಟಕಿಯಲ್ಲಿ ನಾಲ್ಕು ತಲೆಗಳು ಇಣುಕಿದವು. ಹುಡುಗಿ ತಟ್ಟನೆ ಕಾಗದ ಮಗುಚಿಟ್ಟಳು. "ನಂಗೇನೂ ಗೊತ್ತಿಲ್ಲ" ಎಂದು ಎದ್ದು ಓಡಿದಳು.

ಮುಖ್ಯೋಪಾಧ್ಯಾಯರ ಬಳಿ ಹೋದರೆ, "ಪಾಸಾಗ್ತಾಳೋ ಇಲ್ವೋ? ಆಗ್ತಾಳಲ್ಲ, ಮತ್ತೇನು? ಆಗದೇ ಇರೋರನ್ನ ನೋಡಿ ಟೀಚರ್" ಎಂದರು. ಇಷ್ಟು ವರ್ಷ ಟೀಚರ್ ತಾವೇ ಹೇಳಿಕೊಂಡು ಬಂದ ಮಾತು ಅದು.

ಇಸ್ತ್ರಿ ಅಂಗಡಿಗೂ ಹೋದರು. ಹುಡುಗಿಯ ತಾಯಿ ಕೈಕೆಲಸ ನಿಲ್ಲಿಸದೆ ಎಲ್ಲ ಕೇಳಿಸಿಕೊಂಡಳು. ಕೊನೆಗೆ ಇಸ್ತ್ರಿಪೆಟ್ಟಿಗೆ ಪಕ್ಕಕ್ಕಿಟ್ಟಳು.

"ನನ್ ಮಗಳು ಜಾಣೆ ಅಂತ ನಂಗೆ ಗೊತ್ತಿಲ್ವಾ ಟೀಚರಮ್ಮ? ಆದ್ರೆ ವರ್ಷದ ಶುರುವಲ್ಲಿ ದಿನಾ ಅತ್ಕೊಂಡ್ ಬರ್ತಿದ್ಲು. ಈಗ ಮೂರು ಜನ ಗೆಳತಿಯರು ಬಾಗಿಲಿಗೆ ಬಂದು ಕರೀತಾರೆ. ನಿಮ್ಮ ಕಾಲಿಗೆ ಬೀಳ್ತೀನಿ, ಬಿಟ್ಬಿಡಿ ಅವಳನ್ನ."

ಟೀಚರ್ ಬಿಟ್ಟರು. ಬೇರೇನು ಮಾಡಬಹುದಿತ್ತೆಂದು ಅವರಿಗೆ ಹೊಳೆಯಲೂ ಇಲ್ಲ.

ಮುಂದಿನ ವರ್ಷ ನಾಲ್ಕನೇ ತರಗತಿಯ ಮೇಷ್ಟ್ರ ಹತ್ತಿರ ಅವಳ ಉತ್ತರಪತ್ರಿಕೆಗಳನ್ನು ಕೇಳಿ ತರಿಸಿಕೊಂಡರು. "ಸಾಧಾರಣ ಹುಡುಗಿ, ಗಲಾಟೆ ಇಲ್ಲ" ಎಂದರು ಮೇಷ್ಟ್ರು. ಹದಿನೈದು, ಹನ್ನೊಂದು, ಹದಿನೆಂಟು. ಟೀಚರ್ ತಪ್ಪುಗಳನ್ನು ಗಂಟೆಗಟ್ಟಲೆ ಕೂಡಿ ಕಳೆದು ನೋಡಿದರು. ಯಾವ ಕ್ರಮವೂ ಸಿಗಲಿಲ್ಲ. ಅವು ಬರೀ ತಪ್ಪುಗಳಾಗಿದ್ದವು.

ಆಮೇಲೆ ಬಂದ ಮಕ್ಕಳಿಗೆಂದು ಟೀಚರ್ ಕಷ್ಟದ ಪ್ರಶ್ನೆಗಳ ಕಟ್ಟೊಂದನ್ನು ಮೇಜಿನಲ್ಲಿ ಇಟ್ಟುಕೊಂಡರು. ಯಾರನ್ನೂ ಹೆಸರು ಹಿಡಿದು ಕರೆಯದೆ, ಬೇಕಾದವರು ತೆಗೆದುಕೊಳ್ಳಿ ಎಂದರು. ತೆಗೆದುಕೊಂಡವರು ಒಬ್ಬಿಬ್ಬರೇ; ಅವರೂ ವಾರಕ್ಕೇ ಸುಮ್ಮನಾದರು.

ಹುಡುಗಿ ಹೈಸ್ಕೂಲಿಗೆ ಹೊರಟ ವರ್ಷ ಗೆಳತಿಯರ ಜೊತೆ ಹೇಳಿಹೋಗಲು ಬಂದಳು. ಎತ್ತರವಾಗಿದ್ದಳು, ಯಾವುದೋ ಮಾತಿಗೆ ಕಿಸಕ್ಕನೆ ನಗುತ್ತಿದ್ದಳು. ಟೀಚರಿಗೆ ಕ್ಷಮೆ ಕೇಳಬೇಕೆನ್ನಿಸಿತು. ಆದರೆ ಏನೆಂದು ಕೇಳುವುದು?

"ಚೆನ್ನಾಗಿ ಓದು" ಎಂದರು.

"ಹ್ಞೂಂ ಟೀಚರ್" ಎಂದು ಹೇಳಿ ಅವಳು ಗೆಳತಿಯರ ಹಿಂದೆ ಮೆಟ್ಟಿಲಿಳಿದಳು. ಒಳಗೆ ಮಕ್ಕಳ ಗದ್ದಲ ಹೆಚ್ಚಾಗಿತ್ತು. ಟೀಚರ್ ತರಗತಿಗೆ ಹೋಗಿ ಹಾಜರಿ ಕರೆಯತೊಡಗಿದರು.