ಲಗೇಜಿಗೆ ಗುಡಿಸಲು, ಮಾವನಿಗೆ ಟೆಂಟು

ನಮ್ಮ ಭಾವನನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಪಕ್ಷಪಾತ ಮಾಡಿದೆ ಅಂತ ಯಾರೂ ಆಡಿಕೊಳ್ಳಬಾರದು. ಪಕ್ಷಪಾತವನ್ನೇ ಮಾಡುತ್ತಿದ್ದೇನೆ.

ಭಾವ ಎಂದರೆ ನನ್ನ ಗಂಡನ ಅಣ್ಣ. ಬಂಗಾರಪೇಟೆಯಲ್ಲಿ ಟೈಲ್ಸ್ ಅಂಗಡಿ. ನಾವು ಅಲ್ಲಿಂದ ಸ್ವಲ್ಪ ದೂರದ ಹಳ್ಳಿಯಲ್ಲಿ ಮಾವನ ಜೊತೆ ಇದ್ದೇವೆ. ಮಾವ ಕುರಿ ಕಾಯ್ದವರು. ಗೊಬ್ಬರಕ್ಕೆಂದು ಯಾರ ಹೊಲದಲ್ಲಿ ಮಂದೆ ನಿಲ್ಲಿಸಿದರೂ ಕುರಿಗಳ ಜೊತೆ ಅಲ್ಲೇ ಕಂಬಳಿ ಹೊದ್ದು ಮಲಗಿ ಅರ್ಧ ಆಯುಷ್ಯ ಕಳೆದರು. ಈಗ ಕುರಿಗಳಿಲ್ಲ. ಬೆಟ್ಟ ಹತ್ತುವುದರಲ್ಲಿ ಇವತ್ತಿಗೂ ನಮಗಿಂತ ಮುಂದೆ, ಆದರೆ ಇಬ್ಬನಿ ತಾಗಿದರೆ ಎದೆ ಕಟ್ಟುತ್ತದೆ.

ಹೋದ ಅವರೆಕಾಯಿ ಕಾಲದಲ್ಲಿ ಭಾವನಿಗೆ ಬೆಟ್ಟದ ಹುಚ್ಚು ಹಿಡಿಯಿತು. ಎರಡೂ ಮನೆಯವರು ಸೇರಿ ಆಂಧ್ರದ ಗಡಿ ಕಡೆಯ ಒಂದು ಬೆಟ್ಟ ಹತ್ತುವುದು, ಒಂದು ರಾತ್ರಿ ಮೇಲೆ ಉಳಿಯುವುದು. ಮೇಲೆ ಬಾಡಿಗೆಗೆ ಕಲ್ಲುಗೋಡೆಯ ಗುಡಿಸಲುಗಳಿವೆ. ಬೇಡವೆಂದರೆ ಪಕ್ಕದ ಬಂಡೆಯ ಮೇಲೆ ಟೆಂಟು ಹಾಕಿಕೊಳ್ಳಬಹುದು. ಗುಡಿಸಲೋ ಟೆಂಟೋ ಎಂಬ ಚರ್ಚೆ ನಮ್ಮ ಜಗಲಿಯ ಮೇಲೆ ಶುರುವಾಯಿತು.

ಚರ್ಚೆಗೆ ಮುಂಚೆಯೇ ನನಗೊಂದು ಗುಟ್ಟು ಗೊತ್ತಿತ್ತು. ಹಿಂದಿನ ದಿನ ನಾನು ಅವರೆಕಾಯಿ ಸುಲಿಯುತ್ತಿದ್ದಾಗ ಮಾವ ಎದುರಿಗೆ ಕೂತು, ತಾವೂ ಒಂದು ಹಿಡಿ ತೆಗೆದುಕೊಂಡು, ಅತ್ತ ಇತ್ತ ನೋಡಿ ಕೇಳಿದ್ದರು:

"ಆ ಗುಡಿಸ್ಲಾಗೆ ಮಂಚ ಐತಂತಾ?"

"ಐತಂತೆ ಮಾವ. ಹಾಸಿಗೇನೂ ಐತಂತೆ."

"ಕಿಟಕೀನೂ ಐತಂತಲ್ಲಮ್ಮ. ಮಲಕ್ಕೊಂಡೇ ಬೆಟ್ಟ ನೋಡ್ಬೋದಂತೆ."

ಅಷ್ಟೇ ಹೇಳಿ ಎದ್ದುಹೋದರು. ಅವರು ಬಾಯಿಬಿಟ್ಟು ಏನನ್ನಾದರೂ ಬಯಸಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಆ ಕಿಟಕಿ ಅವರಿಗೆ ಸಿಗಲೇಬೇಕು ಎಂದು ಅಂದೇ ನಿಶ್ಚಯಿಸಿಕೊಂಡೆ.

ಜಗಲಿಯಲ್ಲಿ ಭಾವ ಟೆಂಟಿನ ಪರ. ಮಕ್ಕಳಿಗೆ ಖುಷಿ, ಫೋಟೋ ಚೆನ್ನಾಗಿ ಬರುತ್ತದೆ, ಗುಡಿಸಲಿನಲ್ಲಿ ಮಲಗುವುದಾದರೆ ಬೆಟ್ಟಕ್ಕೆ ಯಾಕೆ ಹೋಗಬೇಕು, ಹೀಗೆ. ಲಗೇಜು ಇಡಲು ಒಂದು ಗುಡಿಸಲು ಮಾತ್ರ ಸಾಕಂತೆ. ಕೊನೆಗೆ ಶಾಸ್ತ್ರಕ್ಕೆ ಮಾವನ ಕಡೆ ತಿರುಗಿದ.

"ನೀನೇನಂತೀಯಪ್ಪಾ?"

"ನಿಮ್ಮಿಷ್ಟ ಕಣ್ಲಾ."

"ಅಪ್ಪಂಗೆ ಬಯಲೇ ಅಭ್ಯಾಸ. ಮುಗೀತು" ಎಂದ ಭಾವ.

ಈ ಮನೆತನದಲ್ಲಿ ಹಿರಿಯರನ್ನು ಒಂದು ಸಲ ಕೇಳಿದರೆ ಕೇಳಿದಂತಲ್ಲ. ಮೊದಲ ಸಲ "ನಿಮ್ಮಿಷ್ಟ" ಎನ್ನಬೇಕು, ಎರಡನೆಯ ಸಲ "ನಂದೇನೈತೆ" ಎನ್ನಬೇಕು. ಮೂರನೆಯ ಸಲ ಬಲವಂತ ಮಾಡಿದ ಮೇಲೆ ಮನಸ್ಸಿನಲ್ಲಿರುವುದು ಹೊರಗೆ ಬರುತ್ತದೆ. ಮುದ್ದೆಗೂ ಇದೇ ಕ್ರಮ, ಮದುವೆಗೂ ಇದೇ ಕ್ರಮ. ಇದೇ ಮನೆಯಲ್ಲಿ ಹುಟ್ಟಿ ಬೆಳೆದ ಭಾವನಿಗೆ ಗೊತ್ತಿಲ್ಲವೇ? ಚೆನ್ನಾಗಿ ಗೊತ್ತು. ಗೊತ್ತಿದ್ದೇ ಒಂದು ಸಲ ಕೇಳಿ ನಿಲ್ಲಿಸಿದ. ನನಗೆ ಮೈಯೆಲ್ಲ ಉರಿಯಿತು. ಅಣ್ಣನ ಎದುರು ನನ್ನ ಗಂಡ ಬಾಯಿ ತೆರೆಯುವುದು ಆಕಳಿಸುವಾಗ ಮಾತ್ರ.

ಬೆಟ್ಟ ಹತ್ತಿದೆವು. ಮಾವ ಎಲ್ಲರಿಗಿಂತ ಮೊದಲು ಮೇಲೆ ತಲುಪಿದ್ದರು. ನಾವು ಏದುಸಿರು ಬಿಡುತ್ತ ಹೋದಾಗ ಅವರು ಗುಡಿಸಲಿನ ಕಿಟಕಿಗೆ ಹೊರಗಿನಿಂದ ಮುಖ ಇಟ್ಟು ಒಳಗೆ ನೋಡುತ್ತಿದ್ದರು. ನಮ್ಮನ್ನು ಕಂಡು ಸರಕ್ಕನೆ ಈಚೆ ಬಂದರು.

ಆಂಡರ್ಸನ್‌ಪೇಟೆಯಿಂದ ಬಾಡಿಗೆಗೆ ತಂದಿದ್ದ ಟೆಂಟುಗಳನ್ನು ಬಂಡೆಯ ಮೇಲೆ ಎಬ್ಬಿಸುವಷ್ಟರಲ್ಲಿ ಸೂರ್ಯ ಇಳಿದಿದ್ದ, ಗಾಳಿ ಎದ್ದಿತ್ತು. ಆಗ ನನ್ನ ಓರಗಿತ್ತಿಗೆ ಇದ್ದಕ್ಕಿದ್ದಂತೆ ಸೊಂಟ ಹಿಡಿದುಕೊಂಡಿತು. ಭಾವ ಕೂಡಲೇ ಪರಿಹಾರ ಹೇಳಿದ: ಲಗೇಜು ಟೆಂಟಿಗೆ, ತಾವಿಬ್ಬರು ಗುಡಿಸಲಿಗೆ. ಉಳಿದ ಗುಡಿಸಲುಗಳು ಆಗಲೇ ಭರ್ತಿಯಾಗಿದ್ದವು. ಟೆಂಟು ಟೆಂಟು ಎಂದು ಕುಣಿದವನು ಮಂಚದ ಮೇಲೆ! ಹೇಳೋದು ಆಚಾರ, ತಿನ್ನೋದು ಬದನೇಕಾಯಿ.

ನಾನು ಹುಟ್ಟಿ ಬೆಳೆದದ್ದು ಚಿನ್ನದ ಗಣಿ ಕೆಲಸಗಾರರ ಊರಿಗಾಂ ಲೈನಿನ ಒಂದೇ ಕೋಣೆಯ ಮನೆಯಲ್ಲಿ. ಅಲ್ಲಿ ನಿಮ್ಮಿಷ್ಟ ಎಂದವರಿಗೆ ಮಲಗಲು ಜಾಗವೇ ಸಿಗುತ್ತಿರಲಿಲ್ಲ. ಬೇಕಾದ್ದನ್ನು ಕೂಗಿ ಕೇಳಬೇಕು. ಸಿಟ್ಟು ಬಂದರೆ ನನಗೆ ತಮಿಳೇ ಮೊದಲು ಬರುವುದು.

"ಪೋದುಂ ಭಾವ, ಸಾಕು! ಮಾವನ ಎದೆ ಕಟ್ಟುತ್ತೆ. ಗುಡಿಸಲಲ್ಲಿ ಅವರು ಮಲಗಲಿ. ಮಾವ, ನೀವೇ ಹೇಳಿ, ನಿಮಗೆ ಮಂಚ ಬೇಕೋ ಬೇಡವೋ?"

ಎಲ್ಲರೂ ಅವರನ್ನೇ ನೋಡಿದರು. ಮೊಮ್ಮಕ್ಕಳು, ಇಬ್ಬರು ಗಂಡುಮಕ್ಕಳು, ಸೊಂಟ ಹಿಡಿದ ಸೊಸೆ, ಗುಡಿಸಲು ನೋಡಿಕೊಳ್ಳುವ ಹೆಂಗಸು. ಮಾವನ ಮುಖ ಕೆಂಪಾಯಿತು.

"ನಂಗ್ಯಾಕೆ ಮಂಚ? ನಾನೇನು ಬಾಣಂತಿಯಾ? ನಿಂಗೆ ಯಾರಮ್ಮ ಏಳಿದ್ದು?" ಎಂದು ನನ್ನ ಮೇಲೆಯೇ ರೇಗಿ, ಕಂಬಳಿ ಎಳೆದುಕೊಂಡು ಟೆಂಟಿನೊಳಕ್ಕೆ ಹೋದರು. ಭಾವ ನನ್ನ ಕಡೆ ನೋಡಿ ನಕ್ಕ. ಆ ನಗುವನ್ನು ನಾನು ಸಾಯುವವರೆಗೆ ಮರೆಯುವುದಿಲ್ಲ, ಮರೆಯುವ ಆಸೆಯೂ ಇಲ್ಲ.

ಬೆಳಿಗ್ಗೆ ಮಾವ ಟೆಂಟಿನಿಂದ ಕೆಮ್ಮುತ್ತಲೇ ಹೊರಬಂದರು. ಗುಡಿಸಲಿನ ಹೆಂಗಸು ಕೊಟ್ಟ ಟೀ ಲೋಟ ಹಿಡಿದು ಬಂಡೆಯ ಮೇಲೆ ಕೂತರು. ಬಹಳ ಹೊತ್ತಿನ ಮೇಲೆ ಭಾವ ಕಣ್ಣುಜ್ಜುತ್ತ, ಮೈ ಮುರಿಯುತ್ತ ಬಂದ.

"ಎಂಗಿತ್ತಪ್ಪಾ ಟೆಂಟು? ಅಳೇ ಕಾಲ ನೆಪ್ಪಾಯ್ತಾ?"

ಮಾವ ಟೀ ಪೂರ್ತಿ ಕುಡಿದರು. ಲೋಟ ಕೆಳಗಿಟ್ಟರು.

"ಆಯ್ತು ಕಣ್ಲಾ. ಆವಾಗ್ಲೂ ಇಂಗೇಯ. ಮಳೆ ಬಂದ್ರೆ ಕುರಿಗಳ್ನ ಗುಡಿಸ್ಲಾಗೆ ಕೂಡಿ ನಾನು ಈಚೆ ಮಲಗ್ತಿದ್ದೆ. ರಾತ್ರೀನೂ ಅದೇ ಆಯ್ತು."

ಭಾವನ ಆಕಳಿಕೆ ಅರ್ಧಕ್ಕೆ ನಿಂತಿತು. ಓರಗಿತ್ತಿಗೆ ಅರ್ಥವಾಗಲು ಇನ್ನೂ ಸ್ವಲ್ಪ ಹೊತ್ತು ಬೇಕಾಯಿತು. ನನ್ನ ಗಂಡ ಬೆನ್ನು ತಿರುಗಿಸಿ ಟೆಂಟಿನ ಗೂಟ ಕೀಳತೊಡಗಿದರು. ಅವರ ಭುಜ ಕುಲುಕುತ್ತಿದ್ದುದನ್ನು ನಾನು ನೋಡಿದೆ.

ಗಂಟುಮೂಟೆ ಕಟ್ಟಿ ಇಳಿಯಲು ಹೊರಟರೆ ಮಾವ ಏಳಲಿಲ್ಲ. ಗುಡಿಸಲಿನ ಹೆಂಗಸನ್ನು ಕರೆದು ತೆಲುಗಿನಲ್ಲಿ ಇವತ್ತು ಈ ಗುಡಿಸಲು ಖಾಲಿಯೇ ಎಂದು ಕೇಳಿದರು. ಖಾಲಿಯೇ ಎಂದಳು. ಹಾಸಿಗೆಯ ಬಟ್ಟೆ ಬದಲಾಯಿಸು ಎಂದರು.

"ನೀವು ಓಗ್ರಿ. ನಾನು ನಾಳೆ ಬತ್ತೀನಿ."

"ಒಬ್ನೇ ಎಂಗಿರ್ತೀಯಪ್ಪಾ? ಜನ ಏನಂತಾರೆ?" ಎಂದ ಭಾವ.

"ನಾನೂ ಜೊತೇಲಿ ಇರ್ತೀನಿ ಮಾವ" ಎಂದೆ.

"ನೀನೂ ಓಗಮ್ಮ. ನೆನ್ನೆ ನಾಕು ಜನದೆದುರ್ಗೆ ನನ್ ಮಾನ ಕಳ್ದಿದ್ದು ಸಾಕು."

ಒಳಗೆ ಹೋಗಿ ಚಿಲಕ ಹಾಕಿಕೊಂಡರು. ಎರಡು ಮನೆಯವರು ಬ್ಯಾಗು ಹೊತ್ತು ಅಂಗಳದಲ್ಲಿ ನಿಂತೆವು. ಭಾವ ಬಾಗಿಲು ತಟ್ಟಿದ, ಅಪ್ಪಾ ಅಪ್ಪಾ ಎಂದ. ಮಂಚ ಕಿರುಗುಟ್ಟಿದ ಸದ್ದು ಬಂತು. ಆಮೇಲೆ ಕಿಟಕಿ ತೆರೆಯಿತು. ಮಾವ ಮಲಗಿಕೊಂಡೇ ಇತ್ತ ನೋಡಿದರು.

"ಇನ್ನೂ ನಿಂತಿದೀರಾ? ಪಕ್ಕಕ್ಕೆ ಓಗ್ರಿ, ಬೆಟ್ಟ ಕಾಣಲ್ಲ."